ಮಾರ್ಚಿಯಲ್ಲಿ ಬಂದ ಹಣ, ಜೂನಿನಲ್ಲಿ ಬಂದ ಜ್ವರ

(ಗಿರಣಿ ಕೆಲಸಗಾರರೂ ಸಣ್ಣ ವರ್ತಕರೂ ಕೂಡಿ ಸೇರಿಸಿದ್ದ ವಾರ್ಡಿನ ಸಭೆಯಲ್ಲಿ ಮಾಡಿದ ಭಾಷಣ)

ಅಧ್ಯಕ್ಷರೆ, ಮೊದಲ ಪಾಳಿ ಮುಗಿಸಿ ಮೈಮೇಲಿನ ಹತ್ತಿಯ ಧೂಳನ್ನೂ ಕೊಡವದೆ ಬಂದು ಕೂತಿರುವ ಅಣ್ಣಂದಿರೆ, ತಾಯಂದಿರೆ, ಸಂಜೆಯ ವ್ಯಾಪಾರ ಬಿಟ್ಟು ಬಂದಿರುವ ಅಂಗಡಿಯ ಬಂಧುಗಳೆ,

ಇಲ್ಲಿಗೆ ಬರುವಾಗ ಕಿರಾಣಿ ಅಂಗಡಿಯ ಗೆಳೆಯರೊಬ್ಬರಿಂದ ಅವರ ಕಂದಾಯದ ರಸೀದಿಯನ್ನು ಇಸಕೊಂಡು ಬಂದಿದ್ದೇನೆ. ಇದೋ ನೋಡಿ. ಮೇಲೆ ಆಸ್ತಿ ತೆರಿಗೆ ಎಂದು ಒಂದು ಅಂಕಿ. ಅದರ ಕೆಳಗೆ ಗ್ರಂಥಾಲಯ ಕರ, ಭಿಕ್ಷುಕರ ಕರ, ಮತ್ತು ಆರೋಗ್ಯ ಕರ. ಇದು 1962ರ ಆರೋಗ್ಯ ಕರ ಕಾಯಿದೆಯಿಂದ ಬಂದದ್ದು. ನೂರು ರೂಪಾಯಿ ತೆರಿಗೆಗೆ 15 ರೂಪಾಯಿ. ಇವರ ತಂದೆ ಕಟ್ಟಿದರು, ಈಗ ಇವರು ಕಟ್ಟುತ್ತಾರೆ. ಅರವತ್ತು ವರ್ಷಕ್ಕೂ ಮಿಕ್ಕಿ ಕಟ್ಟಿದ ಮನೆಯವರು ಒಂದು ಸಲವಾದರೂ “ಸ್ವಾಮಿ, ಈ ಹದಿನೈದು ರೂಪಾಯಿಂದ ನಮ್ಮ ಬೀದಿಗೆ ಏನು ಬಂತು?” ಎಂದು ಕೇಳಲಿಲ್ಲ. ಅವರನ್ನು ದೂರುತ್ತಿಲ್ಲ, ನಾನೂ ಕೇಳಿರಲಿಲ್ಲ.

ಬಾಡಿಗೆ ಮನೆಯಲ್ಲಿರುವ ಅಣ್ಣಂದಿರು ‘ಇದು ನಮಗಲ್ಲ’ ಎಂದುಕೊಳ್ಳಬೇಡಿ. ಮನೆಯ ಯಜಮಾನ ಅದನ್ನು ಬಾಡಿಗೆಯೊಳಗೆ ಅರೆದು ಹಾಕಿರುತ್ತಾನೆ. ಮೈಗೆ ಹಚ್ಚುವ ಸಾಬೂನಿಗೆ 2025ರ ಸೆಪ್ಟೆಂಬರ್ ತನಕ ನೂರಕ್ಕೆ 18 ರೂಪಾಯಿ ತೆರಿಗೆ ಇತ್ತು, ಆಮೇಲೆ 5 ಆಯಿತು. ಕೈ ತೊಳೆದುಕೊಳ್ಳಿ ಎಂದು ಗೋಡೆಯ ಮೇಲೆ ಬರೆಸುವ ಸರಕಾರ ಕೈ ತೊಳೆಯುವುದಕ್ಕೂ ಅಷ್ಟು ದಿನ ಸುಂಕ ವಸೂಲು ಮಾಡಿತು. ಇರಲಿ. ನಾನು ಹೇಳುವುದಿಷ್ಟೆ, ಖಜಾನೆಗೆ ನಮ್ಮ ಹಣ ಹೋಗದ ದಿನವಿಲ್ಲ.

ಆ ಹಣ ತಿರುಗಿ ನಮ್ಮ ಕಡೆ ಬರುವಾಗ ಅದಕ್ಕೆ ‘ಅನುದಾನ’ ಎಂದು ಹೆಸರಾಗುತ್ತದೆ. ಹತ್ತು ವರ್ಷ ಕನ್ನಡ ಪಾಠ ಹೇಳಿದವನು ನಾನು. ಈ ಮಾತನ್ನು ಯಾರು ಕಟ್ಟಿದರೋ ಕಾಣೆ, ಅದರ ಹೊಟ್ಟೆಯಲ್ಲಿ ‘ದಾನ’ ಕೂತಿದೆ. ಆಸ್ಪತ್ರೆಗೆ ಅನುದಾನ ಬಂತು ಎಂದರೆ ಯಾರೋ ಪುಣ್ಯಾತ್ಮರು ಕೊಟ್ಟರು ಎಂದು ನಮ್ಮ ಜನ ಕೈಮುಗಿಯುತ್ತಾರೆ. ಪಡೆದವನಿಗೆ ‘ಫಲಾನುಭವಿ’ ಎಂಬ ಬಿರುದು ಬೇರೆ. ಅಂಗಡಿಗೆ ದುಡ್ಡು ಕೊಟ್ಟು ಅಕ್ಕಿ ತಂದವನನ್ನು ಫಲಾನುಭವಿ ಎನ್ನುತ್ತೇವೆಯೆ?

ಈ ಹಣ ನಡೆದು ಬರುವ ದಾರಿಯನ್ನು ಸ್ವಲ್ಪ ಹೇಳುತ್ತೇನೆ. ಬೇಸರಪಟ್ಟುಕೊಳ್ಳಬೇಡಿ, ರೋಗ ಇರುವುದು ಈ ದಾರಿಯಲ್ಲಿಯೇ.

ನಮ್ಮ ಸಂವಿಧಾನದ ಪ್ರಕಾರ ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಆಸ್ಪತ್ರೆ, ಔಷಧಾಲಯ ಎಲ್ಲವೂ ರಾಜ್ಯ ಸರಕಾರದ ಹೊಣೆ. ಆದರೆ ದೊಡ್ಡ ತೆರಿಗೆಗಳನ್ನು ಎತ್ತುವುದು ದಿಲ್ಲಿ. ಆದಾಯ ತೆರಿಗೆಯ ಮೇಲೆ ‘ಆರೋಗ್ಯ ಮತ್ತು ಶಿಕ್ಷಣ’ ಎಂದು ಹೆಸರಿಟ್ಟು 2018ರಿಂದ ನೂರಕ್ಕೆ 4ರಂತೆ ಮೇಲ್ತೆರಿಗೆ ಹಾಕಿದ್ದಾರೆ; ಆರೋಗ್ಯ ರಾಜ್ಯದ ಹೊಣೆ, ಆದರೆ ಈ ಮೇಲ್ತೆರಿಗೆ ರಾಜ್ಯಗಳಿಗೆ ಹಂಚುವ ಗಂಟಿಗೆ ಸೇರುವುದಿಲ್ಲ. ಇನ್ನು ಹೊಣೆ ಹೊತ್ತ ರಾಜ್ಯ ತನ್ನ ಕೈಯಿಂದ ಎಷ್ಟು ಇಡುತ್ತದೆ? ಕರ್ನಾಟಕದ 2025-26ರ ಆಯವ್ಯಯ 4,09,549 ಕೋಟಿ ರೂಪಾಯಿ. ಅದರಲ್ಲಿ ಆರೋಗ್ಯ ಮತ್ತು ಕುಟುಂಬ ಕಲ್ಯಾಣಕ್ಕೆ ತೆಗೆದಿಟ್ಟದ್ದು 17,473 ಕೋಟಿ. ನೂರಕ್ಕೆ ನಾಲ್ಕು ರೂಪಾಯಿ ಚಿಲ್ಲರೆ. ರಾಜ್ಯಗಳು ನೂರಕ್ಕೆ ಎಂಟಾದರೂ ಇಡಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತು, 15ನೆಯ ಹಣಕಾಸು ಆಯೋಗವೂ ಹೇಳಿತು. ದಿಲ್ಲಿಯ ಮೇಲೆ ಬೆಂಗಳೂರು ದೂರು ಹೇಳುತ್ತದೆ, ನ್ಯಾಯವಾದ ದೂರೇ. ಆದರೆ ಈ ನಾಲ್ಕಕ್ಕೆ ಬೆಂಗಳೂರೇ ಉತ್ತರ ಹೇಳಬೇಕು.

2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಬಂತು, 2013ರಲ್ಲಿ ಅದು ಪಟ್ಟಣಕ್ಕೂ ಬಂತು. ಒಂದು ಕಾಲಕ್ಕೆ ಕೇಂದ್ರ 85 ಪಾಲು, ರಾಜ್ಯ 15 ಪಾಲು. ಆಮೇಲೆ 75ಕ್ಕೆ 25. 2015-16ರಿಂದ 60ಕ್ಕೆ 40. ಕೇಂದ್ರದ ಪಾಲು ರಾಜ್ಯದ ಖಜಾನೆಗೆ ಬರಬೇಕು, ರಾಜ್ಯ ತನ್ನ ಪಾಲು ಸೇರಿಸಿ ರಾಜ್ಯ ಆರೋಗ್ಯ ಸೊಸೈಟಿಗೆ ಕೊಡಬೇಕು, ಅಲ್ಲಿಂದ ಜಿಲ್ಲೆ, ಜಿಲ್ಲೆಯಿಂದ ತಾಲ್ಲೂಕು, ತಾಲ್ಲೂಕಿನಿಂದ ನಮ್ಮ ಆಸ್ಪತ್ರೆ. ಪ್ರತಿ ಹೊಸ್ತಿಲಿನಲ್ಲೂ ಒಂದು ಕಾಗದ, ಒಂದು ಸಹಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇದೆಯಲ್ಲ, ಇಲ್ಲಿ ಪೂಜಾರಿಗಳೇ ಐದಾರು ಮಂದಿ.

ಇದು ಪಕ್ಷದ ವೇದಿಕೆಯ ಮಾತೆಂದು ತಳ್ಳಿಹಾಕಬೇಡಿ. ಸರಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರು ತಾಯಿ ಮಕ್ಕಳ ಆರೋಗ್ಯದ ಕಾರ್ಯಕ್ರಮವನ್ನು ತನಿಖೆ ಮಾಡಿ 2017ರಲ್ಲಿ ವರದಿ ಕೊಟ್ಟರು. ಇಪ್ಪತ್ತು ರಾಜ್ಯಗಳಲ್ಲಿ ಖಜಾನೆಯಿಂದ ಆರೋಗ್ಯ ಸೊಸೈಟಿಗೆ ಹಣ ದಾಟಲು 50 ದಿನದಿಂದ 271 ದಿನದ ತನಕ ತಡವಾಗಿತ್ತು. ಇನ್ನೂರ ಎಪ್ಪತ್ತೊಂದು ದಿನ ಎಂದರೆ ಎಷ್ಟು, ಇಲ್ಲಿ ಕೂತಿರುವ ತಾಯಂದಿರಿಗೆ ಹೇಳಬೇಕಾಗಿಲ್ಲ. ಒಂದು ಹೆಣ್ಣು ಬಸುರಾಗಿ, ತಿಂಗಳು ತುಂಬಿ, ಹೆರುವಷ್ಟು ದಿನ. ಬಾಣಂತಿಗೆಂದು ತೆಗೆದಿಟ್ಟ ಹಣ ಖಜಾನೆಯ ಹೊಸ್ತಿಲು ದಾಟುವುದರೊಳಗೆ ಹೆರಿಗೆಯೇ ಮುಗಿದಿರುತ್ತದೆ. ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ: 27 ರಾಜ್ಯಗಳ ಸೊಸೈಟಿಗಳಲ್ಲಿ ಖರ್ಚಾಗದೆ ಉಳಿದ ಹಣ 2011-12ರಲ್ಲಿ 7,375 ಕೋಟಿ ಇದ್ದದ್ದು 2015-16ಕ್ಕೆ 9,509 ಕೋಟಿ ಆಯಿತು. ಒಂದು ಕೈಯಲ್ಲಿ ಹಣವಿಲ್ಲ ಎಂಬ ಗೋಳು, ಇನ್ನೊಂದು ಕೈಯಲ್ಲಿ ಖರ್ಚಾಗದ ಗಂಟು. ಹೀಗೂ ಉಂಟೆ ಎಂದು ನನಗೂ ಮೊದಲು ಅನಿಸಿತ್ತು. ಉಂಟು. ಹೇಗೆಂದು ನಾನೇ ಕಣ್ಣಾರೆ ಕಂಡಿದ್ದೇನೆ, ಕೈಯಾರೆ ಮಾಡಿಯೂ ಇದ್ದೇನೆ.

ನಾನು ಮೇಷ್ಟರಾಗಿದ್ದ ಕಾಲ. ಮಾರ್ಚಿ ತಿಂಗಳ ಕೊನೆಯ ವಾರ, ಮಕ್ಕಳಿಗೆ ಪರೀಕ್ಷೆ. ಒಂದು ಮಧ್ಯಾಹ್ನ ಆಟೋದಲ್ಲಿ ಎರಡು ಕಟ್ಟು ಕರಪತ್ರ ಬಂದವು. ಮಳೆಗಾಲದಲ್ಲಿ ವಾಂತಿಭೇದಿ ಬಾರದಂತೆ ನೀರು ಕಾಯಿಸಿ ಕುಡಿಯಿರಿ ಎಂಬ ಕರಪತ್ರ. ಹಿಂದಿನ ಜೂನಿನಲ್ಲಿ ಮಕ್ಕಳ ಕೈಯಲ್ಲಿ ಮನೆಮನೆಗೆ ಕಳಿಸಬೇಕಾಗಿದ್ದದ್ದು. ಆ ಮಳೆಗಾಲದಲ್ಲಿ ನಮ್ಮ ಶಾಲೆಯ ಹನ್ನೊಂದು ಮಕ್ಕಳು ವಾಂತಿಭೇದಿಯಿಂದ ಮಲಗಿ ಎದ್ದಿದ್ದರು. ತಂದ ಹುಡುಗ ತಾನೂ ಗುತ್ತಿಗೆಯ ನೌಕರ, ಪಾಪ. “ಮೇಷ್ಟ್ರೆ, ತಲುಪಿತು ಅಂತ ಒಂದು ಸಹಿ ಹಾಕಿಕೊಡಿ. ಮೂವತ್ತೊಂದರ ಒಳಗೆ ಲೆಕ್ಕ ಮುಗಿಸದಿದ್ದರೆ ಮುಂದಿನ ವರ್ಷದ ಹಣ ನಿಲ್ಲಿಸುತ್ತಾರೆ” ಎಂದ. ಸಹಿಯ ಜಾಗದ ಮೇಲೆ ‘ವಿತರಿಸಲಾಗಿದೆ’ ಎಂದು ಅಚ್ಚು ಹಾಕಿಸಿಯೇ ತಂದಿದ್ದರು. ನಾನು ಸಹಿ ಹಾಕಿದೆ. ಕರಪತ್ರಗಳು ಬೀರುವಿನ ಮೇಲೆ ಕೂತವು. ಜಾತ್ರೆಯ ಹೊತ್ತಿಗೆ ಮಂಡಕ್ಕಿ ಕಟ್ಟಲು ಹೋದವು.

ಆ ನನ್ನ ಸಹಿ ಎಲ್ಲಿಗೆ ಹೋಯಿತು? ಹಣಬಳಕೆ ಪ್ರಮಾಣಪತ್ರ ಎಂಬ ಕಾಗದಕ್ಕೆ ಆಧಾರವಾಗಿ ಹೋಯಿತು. ಕೊಟ್ಟ ಅನುದಾನವನ್ನು ಕೊಟ್ಟ ಉದ್ದೇಶಕ್ಕೆ ಖರ್ಚು ಮಾಡಲಾಗಿದೆ ಎಂದು ಕೆಳಗಿನವರು ಮೇಲಿನವರಿಗೆ ಬರೆದುಕೊಡುವ ಪತ್ರ ಅದು. ಅದು ಮೇಲೆ ಹೋಗದೆ ಮುಂದಿನ ಕಂತು ಕೆಳಗೆ ಬರುವುದಿಲ್ಲ. ಕಂತು ತಡವಾಗಿ ಬಂದದ್ದರಿಂದ ಖರ್ಚು ತಡವಾಗುತ್ತದೆ, ಖರ್ಚು ತಡವಾದ್ದರಿಂದ ಪತ್ರ ತಡವಾಗುತ್ತದೆ, ಪತ್ರ ತಡವಾದ್ದರಿಂದ ಮುಂದಿನ ಕಂತು ಇನ್ನೂ ತಡ. ಗಾಣದ ಎತ್ತು ಸುತ್ತಿದ ಹಾಗೆ. ಆ ಪತ್ರದಲ್ಲಿ ರೂಪಾಯಿಗೆ ಜಾಗವಿದೆ. ಜ್ವರ ಬಂದ ಮಕ್ಕಳೆಷ್ಟು, ವಾಸಿಯಾದವರೆಷ್ಟು ಎಂಬುದಕ್ಕೆ ಜಾಗವಿಲ್ಲ.

ಇದರ ಫಲ ಏನೆಂಬುದನ್ನು ನಮ್ಮ ದೇಶ ಒಂದು ಸಲ ಚೆನ್ನಾಗಿ ಉಂಡಿದೆ. ಮಲೇರಿಯಾದ ಕಥೆ. ಸ್ವಾತಂತ್ರ್ಯ ಬಂದ ಹೊತ್ತಿಗೆ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಚಳಿಜ್ವರ ಬರುತ್ತಿತ್ತೆಂದೂ ಎಂಟು ಲಕ್ಷ ಜನ ಸಾಯುತ್ತಿದ್ದರೆಂದೂ ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು, 1958ರಲ್ಲಿ ಅದನ್ನೇ ನಿರ್ಮೂಲನ ಕಾರ್ಯಕ್ರಮ ಮಾಡಿದರು. ನಮ್ಮ ಅಜ್ಜಿಯ ಮನೆಯ ಬಾಗಿಲ ಪಕ್ಕದ ಗೋಡೆಯ ಮೇಲೆ, ಸುಣ್ಣದ ಅಡಿಯಲ್ಲಿ, ಡಿಡಿಟಿ ಹೊಡೆದ ತಾರೀಖು ಬಹಳ ವರ್ಷ ಕಾಣುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಮಲೇರಿಯಾದವನು ಬಂದು “ಯಾರಿಗಾದರೂ ಜ್ವರ ಬಂದಿತ್ತೇನಮ್ಮ?” ಎಂದು ಕೇಳಿ, ಬಂದಿದ್ದರೆ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ತಗೊಂಡು, ಮಾತ್ರೆ ಕೊಟ್ಟು, ಗೋಡೆಯ ಮೇಲೆ ಗುರುತು ಹಾಕಿ ಹೋಗುತ್ತಿದ್ದನಂತೆ. ಹದಿನೈದು ದಿನ ತಪ್ಪಿದರೆ ಗೋಡೆಯೇ ಸಾಕ್ಷಿ ಹೇಳುತ್ತಿತ್ತು. ಲೆಕ್ಕ ಎಂದರೆ ಅದು, ಎಲ್ಲರ ಕಣ್ಣಿಗೆ ಬೀಳುವಂಥದ್ದು. 1965ರ ಹೊತ್ತಿಗೆ ದೇಶಕ್ಕೆಲ್ಲ ಸೇರಿ ಒಂದು ಲಕ್ಷ ಜನಕ್ಕೆ ಮಾತ್ರ ಜ್ವರ.

ಆಮೇಲೆ? ಗೆದ್ದೆವು ಎಂದು ಕೈ ಸಡಿಲ ಬಿಟ್ಟರು. ಡಿಡಿಟಿ ಸಕಾಲಕ್ಕೆ ಬಾರದೆ ಹೋಯಿತು, ಮಳೆ ಮುಗಿದ ಮೇಲೆ ಮದ್ದು ಬಂದ ಊರುಗಳಿದ್ದವು. ಪಟ್ಟಣಗಳನ್ನು ನಿಮ್ಮ ಪಾಡು ನೀವು ನೋಡಿಕೊಳ್ಳಿ ಎಂದು ನಗರಸಭೆಗಳಿಗೆ ಬಿಟ್ಟಿದ್ದರು. ನಗರಸಭೆಗಳಲ್ಲಿ ಹಣವೂ ಇರಲಿಲ್ಲ, ಆಳೂ ಇರಲಿಲ್ಲ. ಮದ್ದಿಗೆ ಜಗ್ಗದ ಸೊಳ್ಳೆಯೂ ಹುಟ್ಟಿತು ಎಂಬುದು ನಿಜ, ಅದನ್ನು ಮರೆಮಾಚಬಾರದು. 1976ರಲ್ಲಿ ಎಣಿಸಿದರೆ ಜ್ವರ ಬಂದವರು 64 ಲಕ್ಷ. ಹನ್ನೊಂದೇ ವರ್ಷದಲ್ಲಿ ಒಂದು ಲಕ್ಷ ಹೋಗಿ ಅರವತ್ತನಾಲ್ಕು ಲಕ್ಷ! ಸರಿ, ಆಗಲಾದರೂ ಕೈ ಬಿಗಿ ಮಾಡಿದರೆ? ಅಲ್ಲಿಯ ತನಕ ಪೂರ್ತಿ ಖರ್ಚು ಕೊಡುತ್ತಿದ್ದ ಕೇಂದ್ರ 1979ರಿಂದ ಅರ್ಧ ನೀವು ಹಾಕಿ ಎಂದು ರಾಜ್ಯಗಳಿಗೆ ಹೇಳಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲಿಗೆ ಯಾರು ಅಗುಳಿ ಹಾಕಬೇಕೆಂದು ಜಗಳ.

ಈಗ ನಮ್ಮ ಕಾಲದ ಜ್ವರಕ್ಕೆ ಬರುತ್ತೇನೆ. 2024ರಲ್ಲಿ ಕರ್ನಾಟಕದಲ್ಲಿ ಡೆಂಗಿ ಬಂದವರು ಆಗಸ್ಟ್ ಮುಗಿಯುವುದರೊಳಗೆ 24 ಸಾವಿರ ದಾಟಿದರು. ಸೆಪ್ಟೆಂಬರಿನಲ್ಲಿ ಸರಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಸಾರಿ ದಂಡದ ಪಟ್ಟಿ ಹೊರಡಿಸಿತು. ಸೊಳ್ಳೆ ಹುಟ್ಟುವಂತೆ ನೀರು ನಿಲ್ಲಿಸಿಕೊಂಡರೆ ಪಟ್ಟಣದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200. ಅಂಗಡಿ ಹೋಟೆಲುಗಳಿಗೆ ಪಟ್ಟಣದಲ್ಲಿ 1,000, ಹಳ್ಳಿಯಲ್ಲಿ 500. ಖಾಲಿ ನಿವೇಶನ, ಕಟ್ಟುತ್ತಿರುವ ಕಟ್ಟಡಕ್ಕೆ ಪಟ್ಟಣದಲ್ಲಿ 2,000.

ದಂಡ ಬೇಡವೆಂದು ನಾನು ಹೇಳುವವನಲ್ಲ. ಹಳೆಯ ಟೈರು ಗುಡ್ಡೆ ಹಾಕಿ ಪಕ್ಕದ ಮನೆಯ ಮಗುವಿಗೆ ಜ್ವರ ತರುವವನಿಗೆ ದಂಡ ಬೀಳಲಿ. ಅವನು ನಮ್ಮ ಸಂಘದವನಾದರೂ ಬೀಳಲಿ. ಆದರೆ ಈ ಡೆಂಗಿಯ ಸೊಳ್ಳೆ ಎಲ್ಲಿ ಹುಟ್ಟುತ್ತದೆ? ಚರಂಡಿಯಲ್ಲಲ್ಲ. ಅದು ತಿಳಿನೀರಿನ ಸೊಳ್ಳೆ, ಹಗಲು ಕಚ್ಚುವ ಸೊಳ್ಳೆ. ನಮ್ಮ ಡ್ರಮ್ಮು, ತೊಟ್ಟಿ, ಹಂಡೆಯ ಶುದ್ಧ ನೀರಿನಲ್ಲಿ ಹುಟ್ಟುತ್ತದೆ. ಮೊಟ್ಟೆಯಿಂದ ರೆಕ್ಕೆ ಬರಲು ಅದಕ್ಕೆ ಒಂದು ವಾರ ಹತ್ತು ದಿನ ಸಾಕು. ಗಿರಣಿಯ ಹಿಂದಿನ ಲೈನು ಮನೆಗಳಲ್ಲಿ ನಲ್ಲಿ ಬರುವುದು ಎಷ್ಟು ದಿನಕ್ಕೊಮ್ಮೆ? (ಸಭೆಯಿಂದ: “ಎಂಟು ದಿನಕ್ಕೆ!”) ಎಂಟು ದಿನಕ್ಕೊಮ್ಮೆ. ಎಂಟು ದಿನದ ನೀರು ಹಿಡಿದಿಡದೆ ಆ ತಾಯಿ ಏನು ಮಾಡಬೇಕು? ಸೊಳ್ಳೆಗೆ ಬೇಕಾದಷ್ಟೇ ದಿನ ನೀರು ನಿಲ್ಲುವಂತೆ ನಮ್ಮ ನೀರು ಸರಬರಾಜು ನಡೆಯುತ್ತದೆ. ನೀರು ಹಿಡಿದಿಟ್ಟವಳಿಗೆ ದಂಡ, ನೀರು ಬಿಡದವರಿಗೆ?

ನಮಗೆ ಬೇಕಾದದ್ದು ಏನೇನೂ ದುಬಾರಿಯಲ್ಲ. ಡ್ರಮ್ಮಿಗೆ ಬಟ್ಟೆ ಬಿಗಿಯುವುದು, ಕುಡಿಯಲು ಬಳಸದ ತೊಟ್ಟಿಗೆ ಲಾರ್ವಾ ಮೀನು ಬಿಡುವುದು, ವಾರಕ್ಕೊಮ್ಮೆ ಮನೆಮನೆಗೆ ಹೋಗಿ ತೊಟ್ಟಿ ನೋಡುವ ನಾಲ್ಕು ಆಳು. ಆದರೆ ಆ ಆಳುಗಳನ್ನು ಮೇ ತಿಂಗಳಲ್ಲೇ ಹಚ್ಚಬೇಕು. ಹಣ ಜ್ವರ ಬಂದ ಮೇಲೆ ಬಂದರೆ ಏನಾಗುತ್ತದೆ, ನೋಡಿದ್ದೀರಿ: ಗಾಡಿ ಹತ್ತಿಸಿ ಬೀದಿಯಲ್ಲಿ ಹೊಗೆ ಬಿಡುತ್ತಾರೆ. ಫೋಟೋಕ್ಕೆ ಚೆನ್ನಾಗಿರುತ್ತದೆ. ಹೊಗೆಗೆ ಸಾಯುವುದು ಹಾರುವ ಸೊಳ್ಳೆ ಮಾತ್ರ. ಡ್ರಮ್ಮಿನೊಳಗಿನ ಮರಿಗಳು ಮರುದಿನ ಎದ್ದು ಬರುತ್ತವೆ.

ಒಬ್ಬ ಮನುಷ್ಯನ ವಿಷಯ ಹೇಳಬೇಕು. ನನ್ನ ಶಾಲೆಯ ಹುಡುಗನೊಬ್ಬನ ತಂದೆ, ಜಿನ್ನಿಂಗ್ ಗಿರಣಿಯಲ್ಲಿ ಕೆಲಸ. ಕ್ಷಯವೆಂದು ತಿಳಿಯಿತು. ಮಾತ್ರೆ ಸರಕಾರದ್ದು, ಪುಕ್ಕಟೆ; ಅದರಲ್ಲಿ ಲೋಪವಾಗಲಿಲ್ಲ, ಅದನ್ನೂ ಹೇಳಬೇಕು. ಚಿಕಿತ್ಸೆ ಆರು ತಿಂಗಳು. ಮೈಯಲ್ಲಿ ರಕ್ತವಿಲ್ಲದವನಿಗೆ ಬರಿಯ ಮಾತ್ರೆ ದಕ್ಕುವುದಿಲ್ಲವೆಂದು 2018ರ ಏಪ್ರಿಲಿನಿಂದ ಕ್ಷಯ ರೋಗಿಗೆ ಊಟಕ್ಕಾಗಿ ತಿಂಗಳಿಗೆ 500 ರೂಪಾಯಿ ಕೊಡುವ ಯೋಜನೆ ಬಂದಿತ್ತು. 2024ರ ನವೆಂಬರಿನಿಂದ ಅದು 1,000 ಆಗಿದೆ. ಒಳ್ಳೆಯ ಯೋಜನೆ. ಆದರೆ ಈ ಮನುಷ್ಯನಿಗೆ ಮೊದಲ ತಿಂಗಳು ಬರಲಿಲ್ಲ, ಎರಡನೆಯ ತಿಂಗಳು ಬರಲಿಲ್ಲ. ಬ್ಯಾಂಕಿನ ಖಾತೆಯ ಹೆಸರಿನಲ್ಲಿ ಒಂದು ಅಕ್ಷರ ವ್ಯತ್ಯಾಸ ಎಂದರು, ಸರಿಪಡಿಸಿದ ಮೇಲೆ ಹಣ ಬಿಡುಗಡೆಯಾಗಿಲ್ಲ ಎಂದರು. ಮೂರನೆಯ ತಿಂಗಳು ಕೆಮ್ಮು ಕಡಿಮೆಯಾಯಿತೆಂದು ಮಾತ್ರೆ ಬಿಟ್ಟು ರಾತ್ರಿ ಪಾಳಿಗೆ ಹೋದ. “ಮೇಷ್ಟ್ರೆ, ಮಾತ್ರೆ ತಿಂದರೆ ಹಸಿವು ಜಾಸ್ತಿ. ಹಸಿವಾದರೆ ತಿನ್ನೋಕೆ ಏನಿದೆ?” ಎಂದು ನನ್ನನ್ನೇ ಕೇಳಿದ. ನಡುವೆ ಮಾತ್ರೆ ಬಿಟ್ಟರೆ ಕ್ಷಯ ಹೆಚ್ಚು ಬಲ ಪಡೆದು ಬರುತ್ತದೆ, ಬಂತು. ಊಟದ ಹಣ ಏಳನೆಯ ತಿಂಗಳು ಒಟ್ಟಿಗೆ ಜಮೆಯಾಯಿತು. ಆಗ ಅವನು ದೊಡ್ಡಾಸ್ಪತ್ರೆಯ ಬೇರೆ ವಾರ್ಡಿನಲ್ಲಿ ಹೆಚ್ಚು ಕಾಲದ ಚಿಕಿತ್ಸೆಗೆ ಮಲಗಿದ್ದ. ಲೆಕ್ಕದ ಪುಸ್ತಕದಲ್ಲಿ ಅವನಿಗೆ ಒಂದು ಪೈಸೆಯೂ ಬಾಕಿಯಿಲ್ಲ. ಆಗಲೇ ನಾನು ಶಾಲೆ ಬಿಡುವ ಯೋಚನೆ ಮಾಡಿದ್ದು. ಆ ಮಾತು ಈಗ ಬೇಡ.

ಅನುದಾನಕ್ಕೆ ಇನ್ನೊಂದು ಗುಣವಿದೆ. ಅದಕ್ಕೆ ಇಟ್ಟಿಗೆ ಸಿಮೆಂಟು ಕಂಡರೆ ಪ್ರೀತಿ, ಮನುಷ್ಯನನ್ನು ಕಂಡರೆ ಆಗದು. 15ನೆಯ ಹಣಕಾಸು ಆಯೋಗ 2021ರಿಂದ 2026ರ ವರೆಗಿನ ಐದು ವರ್ಷಕ್ಕೆ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆ 70,051 ಕೋಟಿ ರೂಪಾಯಿ ಶಿಫಾರಸು ಮಾಡಿತು. ಅದರಲ್ಲಿ ಪಟ್ಟಣದ ಆರೋಗ್ಯ ಕೇಂದ್ರಗಳಿಗೇ 24,028 ಕೋಟಿ. ನಮ್ಮ ರಾಜ್ಯದಲ್ಲಿ 2022ರ ಡಿಸೆಂಬರಿನಿಂದ ‘ನಮ್ಮ ಕ್ಲಿನಿಕ್’ ಬಾಗಿಲು ತೆರೆದವು. ಬಡವರ ಬೀದಿಯಲ್ಲಿ ಒಬ್ಬ ಡಾಕ್ಟರು, ಒಬ್ಬ ನರ್ಸು, ರಕ್ತ ಪರೀಕ್ಷೆಗೆ ಒಬ್ಬರು. ಒಳ್ಳೆಯ ಕೆಲಸವನ್ನು ಒಳ್ಳೆಯದೆನ್ನಬೇಕು. ಆದರೆ ತೆರೆದಾಗ ಇಟ್ಟ ವೇಳೆ ಬೆಳಿಗ್ಗೆ 9ರಿಂದ ಸಂಜೆ 4.30. ಗಿರಣಿಯ ಪಾಳಿಯಲ್ಲಿರುವವನು ಯಾವಾಗ ಹೋಗಬೇಕು? ಅಂಗಡಿಯವನು ಯಾವಾಗ ಹೋಗಬೇಕು? ಅರ್ಧ ದಿನದ ಕೂಲಿ ಬಿಟ್ಟು ಪುಕ್ಕಟೆ ಮಾತ್ರೆ ತರಬೇಕು. ಇನ್ನು ಅಲ್ಲಿ ಕೂತವರೋ ಗುತ್ತಿಗೆಯವರು. ರೋಗ ಖಾಯಂ, ವೈದ್ಯರು ತಾತ್ಕಾಲಿಕ!

ಆಶಾ ತಾಯಂದಿರನ್ನು ನೋಡಿ. ರಾಜ್ಯದಲ್ಲಿ ಸುಮಾರು 42 ಸಾವಿರ ಮಂದಿ. ಮನೆಮನೆಯ ಬಸುರಿ, ಬಾಣಂತಿ, ಜ್ವರ, ಕ್ಷಯ ಎಲ್ಲ ಅವರ ತಲೆಯ ಮೇಲೆ. ಅವರಿಗೆ ಸಂಬಳವಿಲ್ಲ, ಗೌರವಧನ, ಕೆಲಸಕ್ಕಿಷ್ಟೆಂದು ಪ್ರೋತ್ಸಾಹಧನ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲೂ ರಾತ್ರಿ ಕೂತು ಹೋರಾಡಿದ ಮೇಲೆ, ಆ ಏಪ್ರಿಲಿನಿಂದ ತಿಂಗಳಿಗೆ 10 ಸಾವಿರಕ್ಕೆ ಕಡಿಮೆಯಿಲ್ಲದಂತೆ ಕೊಡುವ ಭರವಸೆ ಸಿಕ್ಕಿತು. ಅವರು ಅಲ್ಲಿ ಕೂತಿದ್ದಾಗ ನಮ್ಮಲ್ಲಿ ಎಷ್ಟು ಸಂಘಗಳು ಒಂದು ಪತ್ರ ಕಳಿಸಿದವು? ನಮ್ಮದೂ ಸೇರಿ ಹೇಳುತ್ತಿದ್ದೇನೆ.

ಇನ್ನು ನಮ್ಮ ಕೈಗೆಟುಕುವ ಮಾತು. ಕೊಳಚೆ ಪ್ರದೇಶಗಳಲ್ಲಿ ಐವತ್ತರಿಂದ ನೂರು ಮನೆಗೊಂದು ಮಹಿಳಾ ಆರೋಗ್ಯ ಸಮಿತಿ ಇರಬೇಕು. ಅದಕ್ಕೆ ವರ್ಷಕ್ಕೆ 5,000 ರೂಪಾಯಿ, ಹೀಗೇ ಖರ್ಚು ಮಾಡಿ ಎಂಬ ಕಟ್ಟಿಲ್ಲದ ಹಣ. ಹಳ್ಳಿಯ ಸಮಿತಿಗೆ 10,000. ಚಿಕ್ಕ ಹಣವೆ, ಒಪ್ಪಿದೆ. ಆದರೆ ಐದು ಸಾವಿರದಲ್ಲಿ ಐವತ್ತು ಮನೆಯ ಡ್ರಮ್ಮಿಗೆ ಬಟ್ಟೆ ಬರುತ್ತದೆ. ನಮ್ಮ ವಾರ್ಡಿನಲ್ಲಿ ಈ ಸಮಿತಿಗಳು ಕಾಗದದ ಮೇಲೆ ಎಷ್ಟಿವೆ? ಇಲ್ಲಿ ಕೂತಿರುವ ತಾಯಂದಿರಲ್ಲಿ ತಾನು ಸದಸ್ಯಳೆಂದು ತಿಳಿದವರು ಕೈ ಎತ್ತಿ. (ಇಬ್ಬರು ಕೈ ಎತ್ತಿದರು.) ಇಬ್ಬರು. ಮಿಕ್ಕವರ ಹೆಸರು ಪಟ್ಟಿಯಲ್ಲಿದ್ದರೂ ಇರಬಹುದು, ಹೋಗಿ ನೋಡೋಣ.

ಮುಂಗಾರಿಗೆ ಇನ್ನು ಐದಾರು ವಾರವಿದೆ. ನಗರಸಭೆಯಲ್ಲೂ ತಾಲ್ಲೂಕು ಆರೋಗ್ಯಾಧಿಕಾರಿಗಳಲ್ಲೂ ಕೇಳಬೇಕಾದ್ದನ್ನು ಒಂದು ಹಾಳೆಯಲ್ಲಿ ಬರೆದಿದ್ದೇವೆ. ಕಳೆದ ವರ್ಷ ನಮ್ಮ ಪಟ್ಟಣಕ್ಕೆ ಆರೋಗ್ಯದ ಹೆಸರಿನಲ್ಲಿ ಯಾವ ಯಾವ ಅನುದಾನ ಯಾವ ತಾರೀಖಿಗೆ ಬಂತು, ಯಾವ ತಾರೀಖಿಗೆ ಖರ್ಚಾಯಿತು, ಎಷ್ಟು ಉಳಿಯಿತು. ತಾರೀಖು ಮುಖ್ಯ, ಮರೆಯಬೇಡಿ. ಮೊತ್ತವನ್ನು ಅವರೇ ಹೇಳುತ್ತಾರೆ, ತಾರೀಖನ್ನು ಕೇಳಿ ತೆಗೆಯಬೇಕು. ಈ ರಸೀದಿಯ ಆರೋಗ್ಯ ಕರ ಯಾವ ಖಾತೆಗೆ ಹೋಗುತ್ತದೆ. ತೊಟ್ಟಿ ನೋಡುವ ಆಳುಗಳನ್ನು ಮೇ ತಿಂಗಳಲ್ಲಿ ಹಚ್ಚುತ್ತಾರೆಯೆ. ಕ್ಲಿನಿಕ್ಕನ್ನು ವಾರದಲ್ಲಿ ಮೂರು ದಿನವಾದರೂ ರಾತ್ರಿ ಎಂಟರ ತನಕ ತೆರೆಯುತ್ತಾರೆಯೆ. ಬಾಯಿಮಾತಿಗೆ ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆ ಇದೆ: ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ. ಬಿ.ಪಿ.ಎಲ್. ಕಾರ್ಡಿನವರಿಗೆ ಆ ಹತ್ತು ರೂಪಾಯಿಯೂ ಇಲ್ಲ.

ಬರುವ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನಗರಸಭೆಯ ಮುಂದೆ ಸೇರೋಣ. ರಾತ್ರಿ ಪಾಳಿಯವರು ನಿದ್ದೆಗೆಟ್ಟು ಬರಬೇಕಾಗುತ್ತದೆ, ಕ್ಷಮಿಸಿ. ಕಚೇರಿ ತೆರೆಯುವುದೇ ಆಗ. ಅಂಗಡಿಯ ಬಂಧುಗಳು ಒಂದು ಗಂಟೆ ಬಾಗಿಲು ಅರ್ಧ ಎಳೆದು ಬನ್ನಿ. ಬರುವಾಗ ಎಲ್ಲರೂ ನಿಮ್ಮ ನಿಮ್ಮ ಕಂದಾಯದ ರಸೀದಿ ತನ್ನಿ. ಬಾಡಿಗೆಯವರು ನೀರಿನ ರಸೀದಿ ಇದ್ದರೆ ಅದನ್ನು ತನ್ನಿ. ಸಮಿತಿಯ ಸದಸ್ಯರೆಂದು ಕೈ ಎತ್ತಿದ ಆ ಇಬ್ಬರು ತಾಯಂದಿರು ಸಭೆ ಮುಗಿದ ಮೇಲೆ ಐದು ನಿಮಿಷ ಇಲ್ಲೇ ನಿಲ್ಲಬೇಕು. ನಿಮ್ಮ ಹತ್ತಿರ ಪಾಸ್‌ಪುಸ್ತಕ ಇದೆಯೆ ಎಂದು ನೋಡಬೇಕಾಗಿದೆ.